ಅಮ್ಮನ ವಿಯೋಲಾ

“ಮೊದಲು ಕೊರಳಿನ ಸರ ತೆಗೀರಿ!”

ಆ ದನಿ ಯಾರದೆಂದು ಎರ್ಸಿಲಿಯಾಳಿಗೆ ಕೂಡಲೇ ಗೊತ್ತಾಯಿತು. ತಿರುಗಿ ನೋಡಬೇಕಾದ್ದೇ ಇರಲಿಲ್ಲ. ಅಮೆದೆಯೊ! ಇಟಲಿಯ ಕ್ರೆಮೋನಾ ಊರಿನ ಈ ಮ್ಯೂಸಿಯಂನಲ್ಲಿ ಹಳೆಯ ವಾದ್ಯಗಳನ್ನು ರಿಪೇರಿ ಮಾಡುವವನು. ಒಂದು ಕಾಲಕ್ಕೆ ಅವಳನ್ನು ಮದುವೆಯಾಗಬೇಕಿದ್ದವನು. ಇಂದು ಇಲ್ಲಿನ ಸಂಗೀತ ಕಚೇರಿಯಲ್ಲಿ ಇನ್ನು ಮೂವರ ಜೊತೆ ಅವಳು ಅಮ್ಮನ ವಿಯೋಲಾ ನುಡಿಸಬೇಕಿತ್ತು.

“ಸರ ಇದ್ರೆ ಏನಾಗುತ್ತೆ?”

“ವಾರ್ನಿಶ್ ಗೀಚುತ್ತೆ. ಉಂಗುರ, ಬಳೆ, ಸರ ಯಾವುದೂ ಇರಬಾರದು. ಇಲ್ಲಿನ ನಿಯಮ.”

“ಓಹೋ, ನಿಯಮ! ಅದು ಬಿಟ್ರೆ ನಿಮಗೆ ಬೇರೇನು ಗೊತ್ತು?”

ಅಂದೂ ಇದೇ ಮಾತು! ಅಮ್ಮ ಹಾಸಿಗೆ ಹಿಡಿದಿದ್ದಳು. ತಾನು ಜೀವಮಾನವೆಲ್ಲ ನುಡಿಸಿದ, ಪಿಟೀಲಿಗಿಂತ ತುಸು ದೊಡ್ಡದಾದ ಆ ವಿಯೋಲಾವನ್ನು ಮ್ಯೂಸಿಯಂಗೆ ಕೊಟ್ಟುಬಿಟ್ಟಿದ್ದಳು. ಒಂದೇ ಒಂದು ಸಂಜೆ ಕೊಡು, ಅಮ್ಮನ ಪಕ್ಕದಲ್ಲಿ ಕೂತು ನುಡಿಸ್ತೀನಿ ಎಂದು ಎರ್ಸಿಲಿಯಾ ಅಂಗಲಾಚಿದ್ದಳು. “ಆಚೆ ಕೊಡೋ ಹಾಗಿಲ್ಲ, ನಿಯಮ” ಎಂದಿದ್ದ ಈ ಪುಣ್ಯಾತ್ಮ.

ಅಮ್ಮ ವಿಯೋಲಾದ ದನಿ ಕೇಳದೆಯೇ ಹೋದಳು.

“ನೀನು ನನ್ನ ಪಾಲಿಗೆ ಸತ್ತೆ. ನಿನ್ನ ಉಂಗುರ ಪೋ ನದಿಗೆ ಎಸೆದೆ!” ಎಂದಿದ್ದಳು ಇವಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು...

ಅವಳು ಆಚೆ ತಿರುಗಿ ಸರ ಬಿಚ್ಚಿ, ಮುಷ್ಟಿಯಲ್ಲಿ ಮುಚ್ಚಿಕೊಂಡು ಬಂದು ತಟ್ಟೆಗೆ ಹಾಕಿದಳು. ಅವನು ವಿಯೋಲಾ ಕೊಟ್ಟ.

ವೇದಿಕೆಯ ಮೇಲೆ ನಾಲ್ವರೂ ಶ್ರುತಿ ಮಾಡಿಕೊಳ್ಳುವಾಗ ದೀಪದ ಬೆಳಕಿನಲ್ಲಿ ಅವಳಿಗೆ ಕಂಡಿತು. ವಿಯೋಲಾದ ಎದೆಯ ಮೇಲೆ ಉದ್ದಕ್ಕೂ ಬೆಸೆದ ಬಿರುಕು! ಇದರ ಒಂದೊಂದು ಗೀರೂ ಅವಳಿಗೆ ಗೊತ್ತು. ಅಮ್ಮ ನುಡಿಸುವಾಗ ಇದು ಇರಲೇ ಇಲ್ಲ...

ಕೇಳಲು ಸಮಯವಿರಲಿಲ್ಲ. ನುಡಿಸಿದಳು. ಅಮ್ಮನೇ ಪಕ್ಕದ ಕೋಣೆಯಿಂದ ಕರೆದಂತಾಗಿ, ಕೊನೆಗೆ ಕಣ್ಣು ಮಂಜಾಗಿ ಸ್ವರಪುಟವೇ ಕಾಣಲಿಲ್ಲ.

ಚಪ್ಪಾಳೆ ಮುಗಿಯುತ್ತಲೇ ಒಳಗೆ ಓಡಿ ಬಂದಳು. “ಇದು ಯಾವಾಗ ಒಡೀತು? ಹೇಳಿ!”

ಅವನು ವಿಯೋಲಾ ತೆಗೆದುಕೊಂಡು ಮೆತ್ತಗೆ ಒರೆಸಿದ.

“ಇಲ್ಲಿಗೆ ಕೊಡೋ ಮುಂಚೆ ನಿಮ್ಮಮ್ಮ ತಲೆ ತಿರುಗಿ ಇದರ ಮೇಲೇ ಬಿದ್ರು. ‘ನನ್ನ ಕೈಯಾರೆ ಒಡೆದೆ ಅಂತ ಮಗಳಿಗೆ ಹೇಳ್ಬೇಡ ಕಣೋ’ ಅಂತ ಆಣೆ ಮಾಡಿಸ್ಕೊಂಡ್ರು. ನೀನು ಕೇಳೋಕೆ ಬಂದ ದಿನ ಇದು ನನ್ನ ಮೇಜಿನ ಮೇಲೆ ಚೂರುಚೂರಾಗಿತ್ತು, ಎರ್ಸಿ. ಏನು ಅಂತ ಕೊಡ್ಲಿ?”

“ಅಮ್ಮ ಹೋದ್ಮೇಲಾದ್ರೂ ಹೇಳಬಾರದಿತ್ತೇನೋ?”

“ಬಂದಿದ್ದೆ. ನೀನು ಬಾಗಿಲು ತೆಗೀಲಿಲ್ಲ.”

ಅವಳಿಗೆ ಅಳು ಉಕ್ಕಿ ಬಂತು. “ಅಮ್ಮನಿಗೆ ಕೇಳಿಸ್ಲೇ ಇಲ್ವಲ್ಲ, ಅಮೆದೆಯೊ...”

“ಇಲ್ಲ” ಎಂದ ಅವನು. ಸಮಾಧಾನಕ್ಕೊಂದು ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅವನೂ ಅತ್ತ.

ಆಮೇಲೆ ತಟ್ಟೆಯಿಂದ ಸರ ಎತ್ತಿದ. ಅದರಲ್ಲಿ ಅವನದೇ ಉಂಗುರ ತೂಗಾಡುತ್ತಿತ್ತು.

“ನದಿಗೆ ಎಸೆದೆ ಅಂದಿದ್ದೆ?”

“ನೀನೂ ‘ನಿಯಮ’ ಅಂದಿದ್ದೆಯಲ್ಲ!”

“ಈಗ... ಬೆರಳಿಗೆ ಹಾಕ್ಲಾ?”

“ತಡಿಯೋ. ಈ ವಿಯೋಲಾ ಗಾಜಿನ ಪೆಟ್ಟಿಗೆಗೆ ಹೋಗೋ ಮುಂಚೆ ಅಮ್ಮನ್ನ ಇನ್ನೊಂದ್ಸಲ ಮುಟ್ಕೋತೀನಿ. ಉಂಗುರ ಇದ್ರೆ ನೀನೇ ಬಿಡಲ್ವಲ್ಲ!”

“ಮುಟ್ಟು” ಎಂದ ಅವನು. “ನಾನು ಕಾಯ್ತೀನಿ.”