ಹದಿನೈದು ವರ್ಷದ ಲೇಪ

ಕಲ್ಲಿಗೂ ಬಾಯಾರಿಕೆ ಇರುತ್ತದೆ ಎಂದು ಅವಳಿಗೆ ಮೊದಲು ಹೇಳಿದವನು ಅವನೇ.

ಮನೆಯಲ್ಲೇ ಕೇಕ್ ಮಾಡಿ ಮಾರುತ್ತಿದ್ದ ಅವಳು, ಹೊಸ ಅಡುಗೆಕಟ್ಟೆಗೆ ಕಲ್ಲು ಹುಡುಕಿಕೊಂಡು ಅಕ್ಕನ ಜೊತೆ ಕಲ್ಲಿನಂಗಡಿಗೆ ಹೋಗಿದ್ದಳು. ಆಳೆತ್ತರದ ಹಲಗೆಗಳು ಸಾಲಾಗಿ ಒರಗಿ ನಿಂತಿದ್ದವು. ಬಿಳಿಯ ಮೈಯಲ್ಲಿ ಜೇನುಬಣ್ಣದ ಗೆರೆ ಹರಿದಿದ್ದ ಒಂದರ ಮುಂದೆ ಅವಳ ಕಾಲುಗಳು ತಾವಾಗಿಯೇ ನಿಂತವು. ‘ಕ್ವಾರ್ಟ್ಜೈಟ್’ ಎಂದು ಚೀಟಿ ಅಂಟಿಸಿತ್ತು.

“ಚೀಟಿ ನಂಬಬೇಡಿ,” ಎಂದಿತು ಹಿಂದಿನಿಂದ ಒಂದು ದನಿ.

ಕಲ್ಲು ಕೊಯ್ಯುವವನು. ರೆಪ್ಪೆಯ ಮೇಲೂ ಬಿಳಿ ಧೂಳು. ಅದೇ ಕಲ್ಲಿನ ತುಣುಕೊಂದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದ. “ಮಾರ್ಬಲ್ ಆದ್ರೆ ಹುಳಿ ತಾಗಿದ ಕಡೆ ಹೊಳಪು ಸಾಯುತ್ತೆ. ಕ್ವಾರ್ಟ್ಜೈಟ್ ಆದ್ರೆ ಜಗ್ಗಲ್ಲ. ಹತ್ತು ನಿಮಿಷ ಕಾಯ್ಬೇಕು.”

“ಒಂದು ಕಲ್ಲಿಗೆ ಹತ್ತು ನಿಮಿಷಾನಾ?”

“ಅದು ನಿಮಗೋಸ್ಕರ ಎಷ್ಟು ಯುಗ ಕಾದಿದೆಯೋ ಯಾರಿಗ್ಗೊತ್ತು, ಕೇಕಮ್ಮ.”

ಅಂಗಡಿಗೆಲ್ಲ ಕೇಳುವಂತೆ ಅಕ್ಕ ಆಗಲೇ ತಂಗಿಯ ಕೇಕಿನ ಗುಣಗಾನ ಮಾಡಿಯಾಗಿತ್ತು. ಹತ್ತು ನಿಮಿಷ ಅವಳು ನಿಂಬೆರಸ ನೋಡಿದಳು, ಅವನು ಅವಳನ್ನು ನೋಡಿದ. ಒರೆಸಿದಾಗ ಹೊಳಪು ಹಾಗೇ ಇತ್ತು.

ಕಟ್ಟೆ ಕೂಡಿಸಿದ ದಿನ ಎರಡು ತುಂಡುಗಳ ಜೇನುಗೆರೆ ಒಂದೇ ಹೊಳೆಯಂತೆ ಹರಿಯಿತು. ಅವಳು ಬೆರಳಾಡಿಸಿ ಹುಡುಕಿದಳು. “ಕೂಡಿಸಿದ್ದು ಎಲ್ಲಿ?”

“ಒಂದಿನ ಹೇಳ್ತೀನಿ,” ಎಂದು ನಕ್ಕು ಲೇಪ ಹಚ್ಚಿದ. “ಗಟ್ಟಿ ಕಲ್ಲೇ, ಆದ್ರೂ ಒಳಗೊಳಗೇ ನೀರು ಹೀರುತ್ತೆ. ಒಂದು ಹನಿ ಹಾಕಿ ನೋಡಿ. ಮುತ್ತಿನ ಹಾಗೆ ನಿಂತ್ರೆ ಸರಿ. ಹೀರಿ ಕಪ್ಪಾದ್ರೆ ಮತ್ತೆ ಲೇಪ ಬೇಕು. ವರ್ಷಕ್ಕೊಮ್ಮೆ ನಾನೇ ಬರ್ತೀನಿ.”

ಬಂದ. ಮರುವರ್ಷವೂ ಬಂದ. “ಏನೇ, ಕಲ್ಲಿಗೆ ಜ್ವರವಾ? ಡಾಕ್ಟರು ಬಂದ್ರು!” ಎಂದು ಅಕ್ಕ ಒಳಗಿನಿಂದ ಕೂಗುವಳು. ಅರ್ಧ ಗಂಟೆಯ ಕೆಲಸಕ್ಕೆ ಅವನಿಗೆ ಅರ್ಧ ದಿನ ಹಿಡಿಯುತ್ತಿತ್ತು.

ನಾಲ್ಕನೆಯ ವರ್ಷ ಅವನು ಲೇಪದ ಡಬ್ಬದ ಮುಚ್ಚಳ ತೆಗೆಯಲಿಲ್ಲ.

“ಇನ್ನೊಂದು ವರ್ಷ ಕಾಯೋಕೆ ನನ್ನಿಂದಾಗಲ್ಲ,” ಎಂದ. “ದಿನಾ ಈ ಕಟ್ಟೆ ನೋಡೋ ಹಾಗೆ ಇಲ್ಲೇ ಇದ್ದುಬಿಡ್ಲಾ? ನೀವೇನಂತೀರಿ?”

ಅವಳ ಮೊಣಕೈವರೆಗೂ ಹಿಟ್ಟು. ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ತೂಗುವವಳು. ಜೊತೆಗೆ, ಹಿಂದೊಮ್ಮೆ ಗೊತ್ತಾಗಿ ಮುರಿದುಬಿದ್ದ ಮದುವೆಯೊಂದು ನಾಲಿಗೆಗೆ ಬೀಗ ಹಾಕಿತ್ತು. ಹೂಂ ಎಂಬ ಒಂದಕ್ಷರ ತುಟಿಯವರೆಗೆ ಬಂದು ಕುಳಿತಿತು. ಅವಸರವೇನು, ಮುಂದಿನ ವರ್ಷವೂ ಬರುತ್ತಾನಲ್ಲ ಎಂದುಕೊಂಡು ಅವಳು ತಲೆ ತಗ್ಗಿಸಿ ಹಿಟ್ಟು ನಾದುತ್ತಲೇ ಇದ್ದಳು.

ಅವನು ಗೋಡೆ ಗಡಿಯಾರ ನೋಡುತ್ತ ನಿಂತ. ಸರಿಯಾಗಿ ಹತ್ತು ನಿಮಿಷ.

ದೇವರು ನಮಗೆ ಅಳೆದು ಕೊಡುವುದು ಹತ್ತು ನಿಮಿಷವನ್ನೇ. ಯುಗವೇ ಇದೆ ಎಂದು ತಿಳಿಯುವವರು ನಾವು.

ಆಮೇಲೆ ಚೀಲದಿಂದ ಬೇರೆ ಡಬ್ಬ ತೆಗೆದು ಹಚ್ಚಿದ. “ಇದು ಹೊಸ ಲೇಪ. ಹದಿನೈದು ವರ್ಷ ಬರುತ್ತೆ. ಇನ್ನು ನಾನು ಬರೋ ಅಗತ್ಯ ಇಲ್ಲ.”

ಮರುದಿನ ಬೆಳಿಗ್ಗೆಯಿಂದ ಅವಳು ಕಟ್ಟೆಯ ಮೇಲೆ ಒಂದು ಹನಿ ನೀರು ಹಾಕಿ ಕಾಯತೊಡಗಿದಳು. ಹೀರಲಿ, ಒಂದಿಷ್ಟಾದರೂ ಕಪ್ಪಾಗಲಿ, ಕರೆಯಲೊಂದು ನೆಪ ಸಿಗಲಿ. ಹನಿ ಮುತ್ತಿನಂತೆ ನಿಂತೇ ಇರುತ್ತಿತ್ತು.

“ಕಲ್ಲಿಗೆ ಬಾಯಿಲ್ಲ ಕಣೇ, ನಿನಗಿದೆಯಲ್ಲ!” ಎಂದು ಅಕ್ಕ ಬೈದಳು. ಆ ಬಾಯಿ ತೆರೆಯಲು ಎರಡು ವರ್ಷ ಹಿಡಿಯಿತು.

“ಕಲ್ಲು ನೀರು ಹೀರ್ತಿದೆ,” ಎಂದಳು ಫೋನಿನಲ್ಲಿ. “ಕಪ್ಪಾಗ್ತಿದೆ.”

ಆ ಕಡೆ ಯಂತ್ರದ ಸದ್ದು ನಿಂತಿತು. “ಹೀರಲ್ಲ ಅದು, ಕೇಕಮ್ಮ. ನನ್ನ ಕೈಕೆಲಸ ನನಗ್ಗೊತ್ತು.”

“ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?”

“ಹೂಂ. ನಾನೂ ಹೇಳಿದ್ದೆ. ಮೊದಲ ಸಲ ಹಚ್ಚಿದ್ದೇ ಐದು ವರ್ಷ ಬರ್ತಿತ್ತು.” ಅವನ ದನಿ ಮೆತ್ತಗಾಯಿತು. “ನಿಮ್ಮ ಸುಳ್ಳು ಎರಡು ವರ್ಷ ತಡವಾಗಿ ಬಂತು.”

“ರೀ, ಊಟ ಆರ್ತಿದೆ!” ಎಂದು ಅವನ ಹಿಂದೆ ಯಾರೋ ಕರೆದರು. ಸಲುಗೆಯ ಕರೆ. ಅವಳಿಗೆ ಎಲ್ಲ ಅರ್ಥವಾಯಿತು.

“ಒಂದು ಮಾತು ಬಾಕಿ ಇತ್ತು,” ಎಂದಳು. “ಕೂಡಿಸಿದ್ದು ಎಲ್ಲಿ ಅಂತ.”

“ಒಲೆಯಿಂದ ಎರಡು ಗೇಣು. ಜೇನುಗೆರೆ ಬಾಗೋ ಕಡೆ.”

ಫೋನಿಟ್ಟು ಅವಳು ಗೇಣು ಹಾಕಿದಳು. ಒಂದು. ಎರಡು. ಕೂದಲೆಳೆಯಷ್ಟು ಸಣ್ಣ ಗೆರೆ. ಅದರ ಮೇಲೆಯೇ, ಬೆಳಿಗ್ಗೆ ಹಾಕಿದ್ದ ಹನಿ ಇನ್ನೂ ದುಂಡಗೆ ನಿಂತಿತ್ತು.

ಸೆರಗಿನಿಂದ ಒರೆಸಿದಳು. ಮರುದಿನ ಹನಿ ಹಾಕಲಿಲ್ಲ.