ನೆರಳು ಬಿದ್ದ ಕಡೆ

ಕುಮಟಾದಲ್ಲಿ ನಾನು ಸೀರೆಗಳಿಗೆ ಬಣ್ಣ ಹಾಕುತ್ತೇನೆ. ಹಿಂದಿನ ಕಾಲದ ರಾಜರು ಉಡುತ್ತಿದ್ದ ನೇರಳೆ ಬಟ್ಟೆಯ ಬಣ್ಣ ಸಮುದ್ರದ ಶಂಖದ ಹುಳುವಿನ ರಸದಿಂದ ಬರುತ್ತಿತ್ತು ಎಂದು ಓದಿದ ಮೇಲೆ, ಅದನ್ನು ತೆಗೆದೇ ತೀರುತ್ತೇನೆಂದು ಹಟ ಹಿಡಿದೆ. ಬಲೆಗೆ ಸಿಕ್ಕ ಹುಳುಗಳನ್ನು ಎತ್ತಿಟ್ಟುಕೊಟ್ಟವರು ಹತ್ತಿರದ ಕಾಸರಕೋಡಿನ ಕಡಲತೀರದಲ್ಲಿ ಮೀನು ಒಣಗಿಸುವ ದುರ್ಗಕ್ಕ.

ರಸ ಹಚ್ಚಿದ ಬಿಳಿ ಬಟ್ಟೆಯನ್ನು ಅವರ ಮೀನಿನ ಪಕ್ಕದಲ್ಲೇ ಮರಳಿನ ಮೇಲೆ ಹಾಸಿದೆ. ಬಿಸಿಲು ತಾಗಿದರೆ ಮಾತ್ರ ಆ ರಸ ನೇರಳೆಯಾಗುತ್ತದೆ. ನೆರಳು ಬಿದ್ದ ಕಡೆ ಆಗುವುದಿಲ್ಲ. ಊಟ ಮುಗಿಸಿ ಬಂದು ನೋಡಿದರೆ ನೇರಳೆಯ ನಡುವೆ ಒಂದು ತಲೆ, ಎರಡು ಹೆಗಲು ಬಿಳಿಯಾಗಿಯೇ ಉಳಿದಿದ್ದವು. ಮುಟ್ಟಿದರೆ ಅಲ್ಲಿ ಮಾತ್ರ ತಣ್ಣಗಿತ್ತು.

“ಯಾರು ನಿಂತಿದ್ರು ಇಲ್ಲಿ?”

“ಯಾರೂ ಬರ್ಲಿಲ್ಲ ತಂಗಿ. ಇವತ್ತು ಕಾಗೆ ಸಹ ಬರ್ಲಿಲ್ಲ,” ಎಂದರು ದುರ್ಗಕ್ಕ. ಕಾಗೆ ಓಡಿಸುವ ಕೋಲು ಅವರ ಮಡಿಲಲ್ಲೇ ಇತ್ತು.

ಮರುದಿನ ಹೊಸ ಬಟ್ಟೆ ಹಾಸಿದೆ. ಈ ಸಲ ಬಿಳಿ ಆಕಾರ ಸೊಂಟದವರೆಗೆ ಬಂದಿತ್ತು.

“ಎಂತಕ್ಕೆ ಈ ಹಟ? ಬಿಟ್ಬಿಡು,” ಎಂದರು ದುರ್ಗಕ್ಕ.

“ಬಿಡೂದಿಲ್ಲ ಅಕ್ಕ.”

ಮೂರನೇ ದಿನ ಬೆಳಿಗ್ಗೆಯೇ ಬಟ್ಟೆಯ ಪಕ್ಕ ಕಾವಲು ಕೂತೆ. ನನ್ನ ನೆರಳೇ ಅದರ ಒಂದು ಮೂಲೆಯ ಮೇಲೆ ಬಿದ್ದಿದ್ದು ಗೊತ್ತಾದದ್ದು ತಡವಾಗಿ. ಅಷ್ಟು ಜಾಗ ಹಾಳಾಯಿತಲ್ಲ ಎಂದು ನನ್ನನ್ನೇ ಬೈದುಕೊಂಡೆ. ಆದರೂ ಏಳಲಿಲ್ಲ, ಕಣ್ಣು ಕದಲಿಸಲಿಲ್ಲ. ಹತ್ತಿರ ಯಾರೂ ಸುಳಿಯಲಿಲ್ಲ.

ಆ ಬಟ್ಟೆ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ತಲೆಯಿಂದ ಪಾದದವರೆಗೆ ಒಬ್ಬರು ಬಿಳಿಯಾಗಿ ನಿಂತಿದ್ದಾರೆ. ನನ್ನ ನೆರಳು ಬಿದ್ದಿದ್ದ ಮೂಲೆಯಲ್ಲಿ ಬಣ್ಣ ಪೂರ್ತಿ ಬಂದಿದೆ.