ಕೆಂಪು ಚುಕ್ಕೆ ಇಟ್ಟ ಎಂಟು ಜಿಬಿ

“ಅಷ್ಟೊಂದು ಬೇಡ ಮೇಡಂ” ಅಂದ ಅವನು. ನನಗೆ ಅನುಮಾನ ಶುರುವಾದದ್ದೇ ಅಲ್ಲಿಂದ.

ಮಾರುವವನು ಎಲ್ಲಾದರೂ ಬೇಡ ಅನ್ನುತ್ತಾನೆಯೇ? ದೊಡ್ಡ ರಸ್ತೆಯ ಶೋರೂಮಿನವರು ತೆವಳುತ್ತಿದ್ದ ನನ್ನ ಡೆಸ್ಕ್‌ಟಾಪ್‌ನ ವಯಸ್ಸು ಕೇಳಿದ ಕೂಡಲೇ ಸಾವಿನ ಮನೆಗೆ ಬಂದವರ ಮುಖ ಮಾಡಿಕೊಂಡು, “ಮೂವತ್ತೆರಡು ಜಿಬಿ ರ‍್ಯಾಮ್ ಹಾಕ್ಸಿ, ಇಲ್ಲಾಂದ್ರೆ ಹೊಸದೇ ತಗೊಂಡುಬಿಡಿ” ಅಂದಿದ್ದರು. ಅದು ಸಹಜ. ಅಂಗಡಿಯವರು ಹಾಗೆಯೇ ಮಾತಾಡಬೇಕು. ಆದರೆ ಹಿಂದಿನ ಬೀದಿಯ ಈ ರಿಪೇರಿಯವನು ಮನೆಗೆ ಬಂದು, ಕ್ಯಾಬಿನೆಟ್ ಬಿಚ್ಚಿ, ಒಳಗಿನ ಧೂಳನ್ನು ಬ್ರಷ್ಷಿನಿಂದ ಮೆಲ್ಲಗೆ ಒರೆಸಿ, “ಈಗ ಎಂಟು ಜಿಬಿ ಇದೆ, ಹಳೇದಾದ್ರೂ ಗಟ್ಟಿಮುಟ್ಟಾಗಿದೆ. ಪಕ್ಕದ ಸ್ಲಾಟ್ ಖಾಲಿ. ಅಲ್ಲಿಗೆ ಇನ್ನೊಂದು ಎಂಟು ಹಾಕಿದ್ರೆ ನಿಮ್ಮ ಕೆಲಸಕ್ಕೆ ಧಾರಾಳ” ಅಂತ ನಗುತ್ತಾನೆ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ. ಬಲಗೆನ್ನೆ ಏನನ್ನು ಮುಚ್ಚಿಟ್ಟುಕೊಂಡಿದೆಯೋ!

ನಾನು ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತಿದ್ದೆ. ಬೆಳಕು ಬೇಕಾಗುತ್ತದೆ ಅಂತ ಹಿಡಿದಿದ್ದೇನೆ ಅಂದುಕೊಂಡನೇನೋ, “ಥ್ಯಾಂಕ್ಸ್” ಅಂದ. ನಾನು ಕಾಯುತ್ತಿದ್ದದ್ದು ಅವನ ಕೈಗಳನ್ನು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಳ್ಳೆಯ ಭಾಗ ಜೇಬಿಗೆ, ಕೆಟ್ಟದ್ದು ಕ್ಯಾಬಿನೆಟ್ಟಿಗೆ ಹೋಗುವ ಕಥೆಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ.

“ಕಡಿಮೆ ಸಾಕು ಅಂತೀರಲ್ಲ, ಇದರಲ್ಲಿ ನಿಮಗೇನು ಲಾಭ?” ಅಪ್ಪ ಸೋಫಾದಿಂದಲೇ ವಿಚಾರಣೆ ಶುರುಮಾಡಿದರು.

“ಕೆಲಸ ಸರಿಹೋದ್ರೆ ಮತ್ತೆ ಕರೀತೀರಲ್ಲ ಸಾರ್.”

“ಸರಿಹೋದ್ರೆ ಮತ್ತೆ ಯಾಕೆ ಕರೀಬೇಕು?”

ಅವನು ನನ್ನ ಕಡೆ ನೋಡಿದ. ಒಂದು ಗಳಿಗೆ, ಅಷ್ಟೇ. ಹುಬ್ಬು ಒಂದಿಷ್ಟು ಮೇಲಕ್ಕೆ ಹೋಗಿ, ‘ನೀವಾದರೂ ಕಾಪಾಡಿ’ ಅನ್ನುವ ಹಾಗೆ. ನಾನು ಟಾರ್ಚ್ ಆರಿಸಿದೆ.

ಅವನು ಮೆಟ್ಟಿಲಿಳಿದು ಹೋದ ಮೇಲೆ ಅಪ್ಪ ತೀರ್ಪು ಕೊಟ್ಟರು: “ಅತಿವಿನಯಂ ಧೂರ್ತ ಲಕ್ಷಣಂ.”

ಅನುಮಾನ ನಮ್ಮ ಮನೆಗೆ ಹೊಸದಲ್ಲ. ಅಪ್ಪ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಜೀವಮಾನವೆಲ್ಲ ಅಂಗಡಿ ಅಂಗಡಿ ಸುತ್ತಿ, ತಕ್ಕಡಿ ಎತ್ತಿ ನೋಡಿ, ಸರಿಯಿದ್ದ ತೂಕದ ಬಟ್ಟುಗಳಿಗೆ ಮುದ್ರೆ ಒತ್ತಿದವರು. ನಿವೃತ್ತರಾದರೂ ಚಾಳಿ ಬಿಟ್ಟಿಲ್ಲ. ಇವತ್ತಿಗೂ ಅಂಗಡಿಯಿಂದ ತಂದ ಸಕ್ಕರೆ ಅಡುಗೆಮನೆಯ ತಕ್ಕಡಿ ಹತ್ತದೆ ಡಬ್ಬಿ ಸೇರುವುದಿಲ್ಲ.

ನನ್ನ ಅನುಮಾನಕ್ಕೆ ಮಾತ್ರ ಬೇರೆ ಕಾರಣವಿದೆ. ನಾನು ಮನೆಯಲ್ಲಿ ಕುಳಿತು ಮದುವೆ ಆಲ್ಬಂ ಡಿಸೈನ್ ಮಾಡುತ್ತೇನೆ. ಫೋಟೋಗ್ರಾಫರ್‌ಗಳು ರಾಶಿ ರಾಶಿ ಫೋಟೋ ಕಳಿಸುತ್ತಾರೆ. ಆರಿಸಿ, ತಿದ್ದಿ, ಪುಟ ಕಟ್ಟುವುದು ನನ್ನ ಕೆಲಸ. ಹಾಗೆ ಒಮ್ಮೆ ಯಾರದೋ ಮದುವೆಯ ಗ್ರೂಪ್ ಫೋಟೋ ತಿದ್ದುತ್ತಿದ್ದಾಗ ಹಿಂದೆ, ಕಂಬದ ಪಕ್ಕದಲ್ಲಿ, ನನ್ನ ಹುಡುಗ ಕಂಡ. ಆಫೀಸ್ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದೇನೆ ಅಂದಿದ್ದವನು. ಜೂಮ್ ಮಾಡಿದೆ. ಇನ್ನೂ ಮಾಡಿದೆ. ಅವನೇ. ಕೈ ಬೇರೊಬ್ಬಳ ಸೊಂಟದ ಮೇಲಿತ್ತು. ಆಗ ನಮ್ಮ ಮದುವೆಗೆ ದಿನ ಗೊತ್ತಾಗಿತ್ತು.

ಮದುವೆ ನಿಂತಿತು. ಅಳು ಕೂಡ ಒಂದು ದಿನ ನಿಂತಿತು. ಆದರೆ ಇವತ್ತಿಗೂ ಯಾವ ಫೋಟೋ ತೆರೆದರೂ ನನ್ನ ಕಣ್ಣು ಮೊದಲು ಹೋಗುವುದು ಮದುಮಕ್ಕಳ ಕಡೆಗಲ್ಲ, ಹಿನ್ನೆಲೆಗೆ.

ಹೊಸ ರ‍್ಯಾಮ್ ತಂದು ಹಾಕಿದ ದಿನ ಅವನು ಹಳೆಯದನ್ನು ಕಿತ್ತು, “ಒಂದು ನಿಮಿಷ ಹಿಡ್ಕೊಳ್ಳಿ, ಅಂಚು ಮುಟ್ಟಬೇಡಿ” ಅಂತ ನನ್ನ ಅಂಗೈ ಮೇಲಿಟ್ಟ. ಬೆರಳುದ್ದದ ಹಸಿರು ಪಟ್ಟಿ. ಇಷ್ಟು ಪುಟ್ಟದ್ದು ನನ್ನ ಅನ್ನ ನಡೆಸುತ್ತಿತ್ತೇ ಅನ್ನಿಸಿತು. ಅವನು ಜೇಬಿನಿಂದ ಶಾಲೆಯ ಮಕ್ಕಳ ರಬ್ಬರ್ ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜಿದ. ನನ್ನ ಅಂಗೈ ಮೇಲೆಯೇ. ಅಷ್ಟು ಹತ್ತಿರದಲ್ಲಿ ಅವನ ರೆಪ್ಪೆ ಉದ್ದವಾಗಿ ಕಂಡಿತು.

“ಕಚಗುಳಿ ಆಗ್ತಿದ್ಯಾ?”

“ಇಲ್ಲ.”

“ಮತ್ತೆ ಕೈ ನಡುಗ್ತಿದೆ?”

“ನಿಮ್ಮ ರಬ್ಬರ್ ಸರಿ ಇಲ್ಲ.”

ಎಡಗೆನ್ನೆ ಗುಳಿ ಬಿತ್ತು. ನನಗೆ ಅವನು ಇಷ್ಟವಾಗುತ್ತಿದ್ದ. ಹೇಳಿಯೇಬಿಡುತ್ತೇನೆ, ಸುತ್ತಿ ಬಳಸಿ ಪ್ರಯೋಜನವಿಲ್ಲ. ಇಷ್ಟವಾದಷ್ಟೂ ಅನುಮಾನ ದಪ್ಪವಾಗುತ್ತಿತ್ತು. ಹಿಂದಿನವನಿಗೂ ರೆಪ್ಪೆ ಉದ್ದವಾಗಿಯೇ ಇತ್ತು.

ಹಸಿರಿನ ಪಕ್ಕದಲ್ಲಿ ಹೊಸ ಕಪ್ಪು ಪಟ್ಟಿ ಕುಳಿತಿತು. ಒಂದು ದಿನ ಕಂಪ್ಯೂಟರ್ ಕುದುರೆಯ ಹಾಗೆ ಓಡಿತು. ಮರುದಿನ, ದೊಡ್ಡ ಆಲ್ಬಮ್ಮಿನ ನಡುವೆ, ಇದ್ದಕ್ಕಿದ್ದಂತೆ ಸ್ಕ್ರೀನ್ ಕಪ್ಪಾಗಿ ತಾನೇ ರೀಸ್ಟಾರ್ಟ್ ಆಯಿತು. ಮತ್ತೆ ಮತ್ತೆ ಹಾಗೇ. ಆ ವಾರ ಮುಗಿಯುವುದರೊಳಗೆ ಆಲ್ಬಂ ಪ್ರಿಂಟಿಗೆ ಹೋಗಬೇಕಿತ್ತು. ಹೋಗದಿದ್ದರೆ ನನಗೆ ಅತಿ ಹೆಚ್ಚು ಕೆಲಸ ಕೊಡುವ ಫೋಟೋಗ್ರಾಫರ್ ಇನ್ನೊಬ್ಬರ ಬಾಗಿಲು ತಟ್ಟುವುದು ಖಂಡಿತ.

ಫೋನ್ ಮಾಡಿದರೆ, “ಅಂಗಡಿಗೆ ತಗೊಂಡು ಹೋಗಿ ಪರೀಕ್ಷೆ ಮಾಡ್ಬೇಕು, ನಾಳೆ ಕೊಡ್ತೀನಿ” ಅಂದ.

ಕ್ಯಾಬಿನೆಟ್ ನನ್ನ ಕಣ್ಣಿಂದ ದೂರ ಹೋಗುತ್ತದೆ! ಅವನು ಬರುವ ಮುಂಚೆ ನಾನೇ ಮುಚ್ಚಳ ಬಿಚ್ಚಿ, ನೇಲ್ ಪಾಲಿಶ್ ತಂದು, ಹಸಿರು ಪಟ್ಟಿಯ ಮೂಲೆಗೊಂದು ಕೆಂಪು ಚುಕ್ಕೆ ಇಟ್ಟೆ. ಕಪ್ಪಿಗೊಂದು. ಹಾರ್ಡ್ ಡಿಸ್ಕಿಗೆ, ಫ್ಯಾನಿಗೆ, ಪವರ್ ಸಪ್ಲೈಗೆ ಒಂದೊಂದು. ಅಪ್ಪ ಬಾಗಿಲಲ್ಲಿ ನಿಂತು ನೋಡಿದರು. ನನ್ನ ಕೆಲಸವನ್ನು ಅವರು ಅಷ್ಟು ಮೆಚ್ಚಿಕೊಂಡದ್ದು ಅದೇ ಮೊದಲು.

ಮರುದಿನ ಕಂಪ್ಯೂಟರ್ ಬಂತು. ಎಷ್ಟು ಪುಟ ತೆರೆದರೂ ತುಟಿಪಿಟಕ್ಕೆನ್ನದೆ ದುಡಿಯಿತು. “ಏನಾಗಿತ್ತು?” ಅಂದರೆ, “ಏನೋ ಸಣ್ಣ ತೊಂದರೆ” ಅಂತ ಬ್ಯಾಗ್ ಹೆಗಲಿಗೇರಿಸಿದ. ಬೇರೆ ದಿನವಾಗಿದ್ದರೆ ಪಾಠ ಮಾಡುವವನು. ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. ಗುಳಿಯೂ ಬೀಳಲಿಲ್ಲ.

ಅವನ ಬೈಕಿನ ಸದ್ದು ಬೀದಿ ದಾಟಿದ್ದೇ ತಡ, ಮುಚ್ಚಳ ಬಿಚ್ಚಿದೆ. ಡಿಸ್ಕಿನ ಚುಕ್ಕೆ ಇದೆ. ಫ್ಯಾನಿನದೂ ಇದೆ. ಕಪ್ಪು ಪಟ್ಟಿಯದೂ ಇದೆ. ಅದರ ಪಕ್ಕದಲ್ಲಿ ಇನ್ನೊಂದು ಕಪ್ಪು ಪಟ್ಟಿ, ಅವಳಿಯ ಹಾಗೆ, ಬೋಳಾಗಿ ಕುಳಿತಿದೆ. ನನ್ನ ಹಸಿರು ಪಟ್ಟಿ ಇಲ್ಲ.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು.

“ಹಳೇದು ತಗೊಂಡು ಹೊಸದು ಇಟ್ಟಿದ್ದಾನೆ. ನಷ್ಟ ಏನು?” ಅಂತ ನಾನೇ ಅವನ ಪರ ವಕಾಲತ್ತು ಮಾಡಿದೆ.

ಅಪ್ಪ ಒಪ್ಪಲಿಲ್ಲ. “ಕಡಿಮೆ ತೂಗೋನು ಚಿಲ್ಲರೆ ಕಳ್ಳ ಮಗಳೇ. ಕೇಳದೇ ಜಾಸ್ತಿ ತೂಗಿ ಕೊಡ್ತಾನಲ್ಲ, ಅವನ ತಕ್ಕಡೀನ ತಲೆಕೆಳಗು ಮಾಡಿ ನೋಡ್ಬೇಕು.”

ಅದೇ ಮಾತು ನನ್ನೊಳಗೂ ಕೊರೆಯುತ್ತಿತ್ತು. ಒಳ್ಳೆಯದು ಮಾಡಿದ್ದರೆ ಬಾಯಿಬಿಟ್ಟು ಹೇಳುತ್ತಿದ್ದ. ಹೇಳಲಿಲ್ಲ ಅಂದ ಮೇಲೆ ಏನೋ ಇದೆ. ಹಿಂದಿನವನ ಆ ರಾಮಾಯಣವನ್ನು ಇನ್ನೊಮ್ಮೆ ಅನುಭವಿಸುವ ಶಕ್ತಿ ನನಗಿರಲಿಲ್ಲ. ಆಲ್ಬಂ ಮುಗಿಸಿ ಪ್ರಿಂಟಿಗೆ ಕಳಿಸಿದೆ, ಮುಖ ತೊಳೆದುಕೊಂಡೆ, ಪರ್ಸಿಗೆ ನೇಲ್ ಪಾಲಿಶ್ ಶೀಶೆ ಹಾಕಿಕೊಂಡು ಹೊರಟೆ. ಚುಕ್ಕೆಗೆ ಚುಕ್ಕೆ ಹೋಲಿಸಿ ತೋರಿಸಲು ಸಾಕ್ಷಿ ಬೇಕಲ್ಲ.

ಅಂಗಡಿ ಅಂದರೆ ಒಂದು ಕೋಣೆ. ಬಿಚ್ಚಿಟ್ಟ ಪ್ರಿಂಟರ್‌ಗಳು, ವೈರಿನ ಗೊಂಚಲು, ಮೇಜಿನ ಹಿಂದೆ ಅವನು. ನನ್ನನ್ನು ಕಂಡವನೇ ಎದ್ದು ನಿಂತ.

“ಆಲ್ಬಂ ಕಳಿಸಿದ್ರಾ?”

“ನನ್ನ ಹಸಿರು ರ‍್ಯಾಮ್ ಎಲ್ಲಿ?”

“ಮೊದಲು ಹೇಳಿ, ಆಲ್ಬಂ ಹೋಯ್ತಾ?”

“ಮಾತು ತೇಲಿಸಬೇಡಿ. ಕಳಿಸಿ ಆಯ್ತು. ನನ್ನದು ಎಲ್ಲಿ?”

ಅವನು ಉಸಿರು ಬಿಟ್ಟ. “ಕೂತ್ಕೊಳ್ಳಿ. ನಿಮ್ಮ ಬಿಲ್ ತೋರಿಸ್ತೀನಿ…” ಅಂತ ಮೌಸ್ ಹಿಡಿದ. ಅವನ ಕಂಪ್ಯೂಟರ್ ತೆವಳಿತು. ಒಂದು ಕಿಟಕಿ ತೆರೆಯಲು ಮೀನಮೇಷ ಎಣಿಸಿತು. ಕೊನೆಗೆ ಸ್ಕ್ರೀನ್ ಪೂರ್ತಿ ಕಪ್ಪಾಗಿ, ತಾನೇ ರೀಸ್ಟಾರ್ಟ್ ಆಗತೊಡಗಿತು.

ಆ ಕಪ್ಪು ನನಗೆ ಚೆನ್ನಾಗಿ ಗೊತ್ತಿತ್ತು.

ಮೇಜು ಸುತ್ತಿ ಆ ಕಡೆ ಹೋದೆ. “ಮೇಡಂ, ಅಲ್ಲಿ ಧೂಳು…” ಅನ್ನುತ್ತಿದ್ದ. ಎಲ್ಲ ರಿಪೇರಿಯವರ ಹಾಗೆ ಅವನ ಕ್ಯಾಬಿನೆಟ್ಟಿಗೂ ಮುಚ್ಚಳವಿರಲಿಲ್ಲ. ಬಗ್ಗಿ ನೋಡಿದೆ. ಹಸಿರು ಪಟ್ಟಿ. ಮೂಲೆಯಲ್ಲಿ ಕೆಂಪು ಚುಕ್ಕೆ.

ಫ್ಯಾನ್ ಗೊರಗೊರ ಅನ್ನುತ್ತಿತ್ತು.

“ನಿಮ್ಮ ಹಳೇದೇ ಕೆಟ್ಟಿತ್ತು” ಅಂದ ಕೊನೆಗೆ. “ಮೊದಲನೇ ದಿನ ಪರೀಕ್ಷೆ ಮಾಡದೇ ಗಟ್ಟಿಮುಟ್ಟಾಗಿದೆ ಅಂದುಬಿಟ್ಟೆ. ಅದೇ ಕಪ್ಪು ಇನ್ನೊಂದು ಬೇಕಿತ್ತು, ಬರೋಕೆ ವಾರ ಆಗತ್ತೆ ಅಂದ್ರು. ನಿಮ್ಮ ಆಲ್ಬಂ ಕಾಯಲ್ಲ. ನನ್ನ ಮಿಷನ್ನಲ್ಲಿ ಅಂಥದ್ದೇ ಇತ್ತು. ತೆಗೆದು ನಿಮಗೆ ಹಾಕ್ದೆ.”

“ಹೇಳೋಕೆ ಏನಾಗಿತ್ತು?”

“ಹೇಳಿದ್ರೆ ತಪ್ಪು ನನ್ನದು ಅಂತ ಗೊತ್ತಾಗ್ತಿತ್ತು. ನೀವು ಶೋರೂಮಿಗೆ ಹೋಗ್ತಿದ್ರಿ. ಆಮೇಲೆ ನನ್ನನ್ನ ಯಾಕೆ ಕರೀತೀರಿ?”

“ಇಷ್ಟು ವರ್ಷದ ಅನುಭವ ಇಟ್ಕೊಂಡು ಪರೀಕ್ಷೆ ಮಾಡದೇ ಹೇಗೆ ಹೇಳಿದ್ರಿ?”

ಅವನ ಕಿವಿ ಕೆಂಪಾಯಿತು. “ನೀವು ಪಕ್ಕದಲ್ಲೇ ಟಾರ್ಚ್ ಹಿಡ್ಕೊಂಡು ನಿಂತಿದ್ರಿ.”

ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ನಾನು ಬೇಕೆಂದೇ ಉಳಿಸಿಕೊಂಡೆ, ಅದು ನ್ಯಾಯವಾಗಿತ್ತು.

“ಕೇಳಿ. ಒಬ್ಬ ನನಗೆ ಸುಳ್ಳು ಹೇಳಿ ಹೋದ. ನೀವು ಸುಳ್ಳು ಹೇಳಲಿಲ್ಲ, ಬಾಯಿ ಮುಚ್ಚಿಕೊಂಡ್ರಿ. ಎರಡು ದಿನ ನನಗೆ ಎರಡೂ ಒಂದೇ ಆಗಿತ್ತು. ಅತ್ತಿದ್ದೀನಿ ಗೊತ್ತಾ? ಒಳ್ಳೇದನ್ನ ಕದ್ದು ಮುಚ್ಚಿ ಮಾಡಿದ್ರೂ ನನಗೆ ಬೇಡ.”

ಅವನ ಮುಖ ಇಳಿಯಿತು. ನಗು, ವಿನಯ, ಮೇಡಂ, ಎಲ್ಲ ಎಲ್ಲಿಗೋ ಹೋಗಿ ಬರೀ ಒಬ್ಬ ಮನುಷ್ಯ ಉಳಿದ.

“ತಪ್ಪಾಯ್ತು. ಚುಕ್ಕೆಗಳನ್ನ ನೋಡಿದ್ದೆ. ಫ್ಯಾನಿಗೂ ಇಟ್ಟಿದ್ರಿ. ನನ್ನನ್ನ ಎಷ್ಟು ಕಳ್ಳ ಅಂದುಕೊಂಡಿದ್ದಾರೆ ಅಂತ ಬೇಜಾರಾಯ್ತು. ಆಮೇಲೆ, ಇಷ್ಟು ಜೋಪಾನ ಮಾಡೋರು ಒಂದು ಸಲ ನಂಬಿದ್ರೆ ಹೇಗಿರಬಹುದು ಅಂತಲೂ ಅನ್ನಿಸ್ತು. ಆ ಕೆಟ್ಟ ರ‍್ಯಾಮನ್ನ ಬಿಸಾಡೋಕೆ ಮನಸ್ಸು ಬರಲಿಲ್ಲ. ದಿನಕ್ಕೆ ಹತ್ತು ಸಲ ಆಫ್ ಆಗತ್ತೆ. ಆದಾಗೆಲ್ಲ ನಿಮ್ಮ ನೆನಪು.”

“‘ನನ್ನನ್ನ ನಂಬಿ’ ಅಂತ ಕೇಳಲ್ವಾ?” ಅಂದೆ.

“ಇಲ್ಲ. ನಂಬಬೇಡಿ. ಬಂದು ನೋಡ್ತಾ ಇರಿ. ಇಲ್ಲಿ ಯಾವುದಕ್ಕೂ ಮುಚ್ಚಳ ಇಲ್ಲ.”

ಎಷ್ಟು ಜೂಮ್ ಮಾಡಿ ನೋಡಿದರೂ ಆ ಮುಖದ ಹಿನ್ನೆಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಳೆಯ ಪ್ರಿಂಟರ್‌ಗಳಿದ್ದವು, ಅಷ್ಟೇ.

ಪರ್ಸ್ ತೆರೆದೆ. “ಕೈ ಕೊಡಿ.”

“ಯಾಕೆ?”

“ಅನುಮಾನವಾ?”

ಕೊಟ್ಟ. ಎಡಗೈ ಕಿರುಬೆರಳ ಉಗುರಿನ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟೆ. ಈ ಸಲ ನಡುಗಿದ್ದು ಅವನ ಕೈ.

“ಯಾರಾದ್ರೂ ಬದಲಾಯಿಸಿದ್ರೆ ನನಗೆ ಗೊತ್ತಾಗ್ಬೇಕು” ಅಂದೆ.

ಗುಳಿ ಬಿತ್ತು. ಎಡಗೆನ್ನೆಯಲ್ಲೇ.

ಮುಂದಿನ ವಾರ ಹೊಸ ಕಪ್ಪು ಪಟ್ಟಿ ಬಂತು. ಬಿಲ್ ಸಮೇತ ತಂದು, ತನ್ನದನ್ನು ವಾಪಸ್ ತೆಗೆದುಕೊಂಡು ಹೋಗಬೇಕು ಎಂದು ನಾನು ಮೊದಲೇ ತಾಕೀತು ಮಾಡಿದ್ದೆ. ಸ್ಕ್ರೂ ಬಿಚ್ಚುತ್ತಿದ್ದ ಅವನ ಕೈಯನ್ನು ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು.

“ಉಗುರಿನ ಮೇಲೆ ಏನದು?”

ಅವನು ನನ್ನನ್ನು ನೋಡಿದ. ನಾನು ಕೀಬೋರ್ಡ್ ನೋಡಿದೆ.

“ಮುದ್ರೆ ಸಾರ್.”

ಅಪ್ಪ ಅವನನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಜೀವ ತಕ್ಕಡಿಯ ಮುಳ್ಳಿನ ಹಾಗೆ ಓಲಾಡಿತು.

“ಮುದ್ರೆ ಬಿತ್ತು ಅಂತ ಮೆರೀಬೇಡಿ” ಅಂದರು ಕೊನೆಗೆ. “ಬಟ್ಟು ಸವೀತಾ ಇರತ್ತೆ. ಆಗಾಗ ಪರೀಕ್ಷೆಗೆ ತರ್ಬೇಕು.”

“ದಿನಾ ಬರ್ತೀನಿ ಸಾರ್.”

“ದಿನಾ ಬೇಡ. ಭಾನುವಾರ ಬನ್ನಿ. ಊಟಕ್ಕೆ.” ಅಪ್ಪ ಎದ್ದು ಅಡುಗೆಮನೆಗೆ ಹೋದರು. ಚಹಾಕ್ಕೆ ಸಕ್ಕರೆ ಹಾಕುವ ಸದ್ದು ಕೇಳಿತು. ತಕ್ಕಡಿಯ ಸದ್ದು ಕೇಳಲಿಲ್ಲ.

“ಸ್ವಲ್ಪ ಟಾರ್ಚ್ ಹಿಡೀತೀರಾ?” ಅಂದ ಅವನು ಮೆಲ್ಲಗೆ.

ಹಿಡಿದೆ.

“ಬೆಳಕು ಸ್ಲಾಟ್ ಮೇಲೆ ಬೀಳ್ಬೇಕು. ನನ್ನ ಮುಖದ ಮೇಲಲ್ಲ.”

“ಗೊತ್ತು” ಅಂದೆ. ಕೈ ಕದಲಿಸಲಿಲ್ಲ.